ಹದಿನೈದು ದಿನ ಉಪವಾಸವಿದ್ದ ಮೀನುಗಳು

ಹೋದ ಬೇಸಿಗೆಯಲ್ಲಿ ಮಂಡಿ ಆಪರೇಷನ್ ಆಗಿ ನಾನು ಹದಿನೈದು ದಿನ ದಾವಣಗೆರೆಯಲ್ಲೇ ಉಳಿಯಬೇಕಾಯಿತು. ಹೊಸದುರ್ಗದ ಕಡೆ ನಮ್ಮ ತೋಟದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವಿದೆ. ಅದರಲ್ಲಿ ಕಾಟ್ಲಾ, ರೋಹು, ಗೆಂಡೆ ಮೀನು ಬಿಟ್ಟಿದ್ದೆ. ದಿನಾ ಕಡಲೆಕಾಯಿ ಹಿಂಡಿ, ತೌಡು ಹಾಕಬೇಕಿದ್ದ ಹುಡುಗ ಯುಗಾದಿಗೆ ಊರಿಗೆ ಹೋದವನು ಬರಲೇ ಇಲ್ಲ. ಕೆರೆಯಾಗಿದ್ದರೆ ಕೆಸರು ಕೆದಕಿ ಹುಳುಹುಪ್ಪಟೆ ತಿನ್ನುತ್ತಿದ್ದವು. ಪ್ಲಾಸ್ಟಿಕ್ ಮೇಲೆ ಏನು ಸಿಕ್ಕೀತು?

ಬಂದ ದಿನ ಮೊಮ್ಮಗಳು ನನಗಿಂತ ಮೊದಲೇ ಹೊಂಡಕ್ಕೆ ಓಡಿದಳು. “ತಾತ, ಎಲ್ಲಾ ಸತ್ತೋಗಿರ್ತಾವೆ!” ಅಂತ ಅಳುಮೋರೆ. ನೋಡಿದರೆ ಒಂದೂ ತೇಲಿರಲಿಲ್ಲ. ಬಲೆ ಬೀಸಿ ಒಂದನ್ನು ಹಿಡಿದೆ. ತಲೆ ದಪ್ಪ, ಬೆನ್ನು ಸಣಕಲು, ಹೊಟ್ಟೆ ಒಳಕ್ಕೆ ಹೋಗಿತ್ತು.

ಹೇಗೆ ಬದುಕಿದವು ಗೊತ್ತೇ ಮಕ್ಕಳೇ? ನಾವು ಉಂಡ ಅನ್ನದ ಬಹುಪಾಲು ಮೈ ಬೆಚ್ಚಗಿಡುವುದಕ್ಕೇ ಖರ್ಚಾಗುತ್ತದೆ. ಮೀನಿಗೆ ಆ ಖರ್ಚಿಲ್ಲ, ನೀರು ಎಷ್ಟು ಬಿಸಿಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಹಾಗಾಗಿ ವಾರಗಟ್ಟಲೆ ತಡೆಯುತ್ತದೆ. ಆದರೆ ಬೇಸಿಗೆಯ ಬೆಚ್ಚನೆ ನೀರಿನಲ್ಲಿ ಮೈಯ ಕೆಲಸ ಜೋರಾಗಿ, ಚಳಿಗಾಲಕ್ಕಿಂತ ಬೇಗ ಸೊರಗುತ್ತದೆ.

ನಮ್ಮದು ಬರದ ಸೀಮೆ. ಹಿರಿಯೂರಿನ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ಬರ ಬಂದರೆ ನಮ್ಮವ್ವ ಮೊದಲು ಡಬ್ಬಿಯ ಹಿಟ್ಟು, ಆಮೇಲೆ ಹಗೇವಿನ ರಾಗಿ, ಏನೂ ಇಲ್ಲದಾಗ ಬಿತ್ತನೆ ಬೀಜಕ್ಕೆ ಕೈ ಹಾಕುತ್ತಿದ್ದಳು. ಮೀನಿನದೂ ಅದೇ ಲೆಕ್ಕ. ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆಯಂಥ ಗ್ಲೈಕೋಜನ್ ಡಬ್ಬಿಯ ಹಿಟ್ಟು. ಕರುಳ ಸುತ್ತಲಿನ ಕೊಬ್ಬು ಹಗೇವಿನ ರಾಗಿ. ಮಾಂಸಖಂಡ ಬಿತ್ತನೆ ಬೀಜ, ಅದು ಕರಗಲು ಶುರುವಾದರೆ ಅಪಾಯ. ಕೊಬ್ಬು ಹೋದ ಜಾಗದಲ್ಲಿ ನೀರಿನಂಶ ಹೆಚ್ಚಿ ಮಾಂಸ ಪಿಚಪಿಚ ಆಗುತ್ತದೆ. ಕೆಲಸವಿಲ್ಲದ ಕರುಳೂ ಸಣ್ಣದಾಗುತ್ತದೆ. ರೋಗ ತಡೆಯುವ ಶಕ್ತಿ ಕುಗ್ಗುತ್ತದೆ.

ಮೊಮ್ಮಗಳು ಪಾಪ ಅಂತ ಬುಟ್ಟಿ ಹಿಂಡಿಯನ್ನು ಒಮ್ಮೆಗೇ ಸುರಿಯಲು ಹೊರಟಳು. ತಡೆದೆ. ಗೆಂಡೆ ಜಾತಿಯ ಮೀನಿಗೆ ಜಠರವೇ ಇಲ್ಲ, ಬರೀ ಉದ್ದನೆಯ ಕರುಳು! ಅದೂ ಸೊರಗಿದ ಕರುಳು. ಉಳಿದ ಹಿಂಡಿ ಕೊಳೆತರೆ ನೀರಿನ ಆಮ್ಲಜನಕವೂ ಹೋಗುತ್ತದೆ. ಒಂದೊಂದೇ ಹಿಡಿ ಹಾಕಿ ದಿನದಿನಕ್ಕೆ ಹೆಚ್ಚಿಸಿದೆವು. ಹಸಿದ ಮೀನು ಮತ್ತೆ ತಿನ್ನತೊಡಗಿದರೆ ಕೆಲಕಾಲ ಮಾಮೂಲಿಗಿಂತ ವೇಗವಾಗಿ ಬೆಳೆಯುತ್ತದೆ. ನಮ್ಮವೂ ನೀರು ಚಿಮ್ಮಿಸಿ ಮುಗಿಬಿದ್ದವು.

“ಹಂಗಾದ್ರೆ ಮೀನಿಗೆ ಉಪವಾಸ ಹಾಕ್ಲೇಬಾರ್ದಾ ತಾತ?” ಅಂದಳು. ಒಂದು ಸಲ ಹಾಕಲೇಬೇಕು. ಮರಿಗಳನ್ನು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಸಾಗಿಸುವ ಮುನ್ನ ಮೇವು ನಿಲ್ಲಿಸಿ ಹೊಟ್ಟೆ ಖಾಲಿ ಮಾಡಿಸುತ್ತಾರೆ. ಇಲ್ಲದಿದ್ದರೆ ದಾರಿಯಲ್ಲಿ ಹಿಕ್ಕೆ ಹಾಕಿ, ಆ ನೀರಿನ ವಿಷಕ್ಕೇ ಸಾಯುತ್ತವೆ. ಅವಳು ಮೂಗು ಮುಚ್ಚಿಕೊಂಡು ನಕ್ಕಳು.

ಹುಡುಗ ಮರುವಾರ ತಲೆ ತಗ್ಗಿಸಿಕೊಂಡು ಬಂದ. ಹಿಂಡಿಯ ಬುಟ್ಟಿಯನ್ನು ಮಾತ್ರ ಅವಳು ಇನ್ನೂ ಅವನ ಕೈಗೆ ಕೊಟ್ಟಿಲ್ಲ.