ಪೆಟ್ಟಿಗೆಯ ಬಳಿ ನಿಂತ ಗುಮಾಸ್ತ

1514ರಲ್ಲಿ, ಇನ್ನೂ 25 ತುಂಬದ ಆಲ್ಬ್ರೆಕ್ಟನೆಂಬ ಜರ್ಮನ್ ರಾಜಕುಮಾರನು, ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಪದವಿಯು ಕೈಯಲ್ಲಿದ್ದೂ ತೃಪ್ತನಾಗದೆ, ಪವಿತ್ರ ರೋಮನ್ ಸಾಮ್ರಾಟನನ್ನು ಆರಿಸುವ ಏಳು ಮತಗಳಲ್ಲೊಂದಕ್ಕೆ ಒಡೆತನವಿದ್ದ ಮೈಂಟ್ಸ್ ಪೀಠವನ್ನೂ ಬಯಸಿದನು. ಒಬ್ಬನೇ ಹಲವು ಪೀಠಗಳನ್ನೇರುವುದು ಧರ್ಮಶಾಸನಕ್ಕೆ ವಿರುದ್ಧವೇನೋ ಹೌದು. ಆದರೆ ರೋಮಿನಲ್ಲಿ ವಿನಾಯಿತಿಗೂ ಒಂದು ಧಾರಣೆಯಿತ್ತು. ಆ ಹಣವನ್ನು ಆಗ್ಸ್‌ಬರ್ಗಿನ ಫುಗ್ಗರ್ ಎಂಬ ಲೇವಾದೇವಿಯ ಮನೆತನವು ಸಾಲವಿತ್ತಿತು. ತೀರಿಸುವ ಉಪಾಯವನ್ನು ಪೋಪ್ ಹತ್ತನೆಯ ಲಿಯೋನೇ ಕರುಣಿಸಿದನು: ಪಾಪದ ದಂಡನೆಯನ್ನು ಮನ್ನಿಸುವ ಕ್ಷಮಾಪತ್ರಗಳ ವಿಕ್ರಯ, ಹುಟ್ಟುವಳಿಯಲ್ಲಿ ಅರ್ಧ ಸಂತ ಪೀಟರನ ಮಹಾದೇಗುಲದ ನಿರ್ಮಾಣಕ್ಕೆ, ಇನ್ನರ್ಧ ಸಾಲಕ್ಕೆ. ಗತಿಸಿದ ತಾಯ್ತಂದೆಗಳು ಶುದ್ಧೀಕರಣದ ಬೆಂಕಿಯಲ್ಲಿ ಬೇಯುತ್ತಿರುವರೆಂದು ಟೆಟ್ಜೆಲನೆಂಬ ಸಂನ್ಯಾಸಿಯು ಊರೂರಿನಲ್ಲಿ ಬೋಧಿಸುತ್ತಿದ್ದಾಗ, ನಾಣ್ಯ ಬೀಳುತ್ತಿದ್ದ ಪೆಟ್ಟಿಗೆಯ ಪಕ್ಕದಲ್ಲಿ ಫುಗ್ಗರರ ಗುಮಾಸ್ತನು, ಕೀಲಿಕೈಯನ್ನು ತನ್ನಲ್ಲೇ ಇಟ್ಟುಕೊಂಡು, ಲೆಕ್ಕ ನೋಡುತ್ತಿದ್ದನು.

ಪಾಪ, ಭಕ್ತರಿಗೆ ಇದು ತಿಳಿಯದು. ಈ ಒಳ ಒಪ್ಪಂದವು ಮಾರ್ಟಿನ್ ಲೂಥರನೆಂಬ ಸಂನ್ಯಾಸಿಗೂ ಗೊತ್ತಿರಲಿಲ್ಲವಾಗಿ, 1517ರ ಅಕ್ಟೋಬರ್ 31ರಂದು ಈ ವಿಕ್ರಯದ ವಿರುದ್ಧದ ತನ್ನ ಆಕ್ಷೇಪಣೆಗಳನ್ನು ಆತನು ನ್ಯಾಯ ಬೇಡಿ ಕಳುಹಿಸಿದ್ದು ಇದೇ ಆಲ್ಬ್ರೆಕ್ಟನಿಗೆ! ಆಲ್ಬ್ರೆಕ್ಟನಾದರೋ ಅವನ್ನು ರೋಮಿಗೆ ರವಾನಿಸಿ, ಮರುವರ್ಷ ಕಾರ್ಡಿನಲ್ ಆಗಿ, 1519ರಲ್ಲಿ ಸಾಮ್ರಾಟನ ಚುನಾವಣೆಯಲ್ಲಿ ತನ್ನ ಮತವನ್ನು ಐದನೆಯ ಚಾರ್ಲ್ಸನಿಗೆ ಮಾರಿದನು. ಆ ಚುನಾವಣೆಗೂ ಹಣ ಸುರಿದವರು ಫುಗ್ಗರರೇ.