ಹಳೇ ಲ್ಯಾಪ್‌ಟಾಪ್‌ಗೆ ದನಿ ಹೋಯ್ತಾ?

ವಿಡಿಯೋ ಓಡ್ತದೆ, ಸೌಂಡೇ ಇಲ್ಲ.
ಸ್ಪೀಕರ್ ಸುಟ್ಟೋಯ್ತು ಅಂತೀರಾ?
ತಡೀರಿ.

ಮ್ಯೂಟ್ ಆಗಿಲ್ಲ ತಾನೇ?
ಇಯರ್‌ಫೋನ್ ಹಾಕಿ ನೋಡ್ರಿ.
ಅದ್ರಲ್ಲಿ ಕೇಳಿದ್ರೆ ಡ್ರೈವರ್ ಅನ್ನೋ ಸಾಫ್ಟ್‌ವೇರ್ ಬಹುತೇಕ ಸರಿ ಇದೆ.
ಜಾಕ್‌ನಲ್ಲಿ ಧೂಳು ಕೂತಿರಬಹುದು.
ಕೂಡ್ಲಿಗಿ, ಕೊಟ್ಟೂರು ಕಡೆ ಬೇಸಿಗೆ ಧೂಳು ಗೊತ್ತಲ್ಲ!
ಇಯರ್‌ಫೋನ್ ತೆಗೆದ್ರೂ ಆ ಧೂಳಿಂದ ಇನ್ನೂ ಒಳಗಿದೆ ಅಂತ ಲ್ಯಾಪ್‌ಟಾಪ್ ತಿಳ್ಕೊಂಡಿರ್ತದೆ.
ಪ್ಲಗ್ ನಾಲ್ಕೈದು ಸಲ ಹಾಕಿ ತೆಗೀರಿ.
ಬಾಯಿಂದ ಊದಬೇಡ್ರಿ, ಎಂಜಲು ಹೋಗ್ತದೆ.

ಇಯರ್‌ಫೋನಲ್ಲೂ ಇಲ್ವಾ?
ಆಗ ಅನುಮಾನ ಡ್ರೈವರ್ ಮೇಲೆ.
ಡ್ರೈವರ್ ಅಂದ್ರೆ ಏನು?

ಸಂತೆಗೆ ರಾಯದುರ್ಗದ ವ್ಯಾಪಾರಿ ಬಂದ ಅನ್ಕೊಳ್ರಿ.
ಅವನಿಗೆ ತೆಲುಗು ಮಾತ್ರ, ನಮ್ಮ ರೈತನಿಗೆ ಕನ್ನಡ ಮಾತ್ರ.
ನಡುವೆ ಎರಡೂ ಬಲ್ಲವನಿದ್ರೇ ವ್ಯಾಪಾರ.
ವಿಂಡೋಸ್‌ಗೂ ಸೌಂಡ್ ಚಿಪ್‌ಗೂ ನಡುವೆ ಅವನೇ ಡ್ರೈವರ್.
ಅಪ್‌ಡೇಟ್ ಆದಾಗ ಕೆಲವು ಸಲ
ಅರೆಬರೆ ಬಲ್ಲವನು ಬಂದು ಕೂತ್ಕೊಳ್ತಾನೆ.

ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್,
ಡಿವೈಸ್ ಮ್ಯಾನೇಜರ್ ತೆರೀರಿ.
ಸೌಂಡ್ ಅನ್ನೋ ಸಾಲಲ್ಲಿ
ರಿಯಲ್‌ಟೆಕ್ ಅಂತಲೋ, ಹೈ ಡೆಫಿನಿಷನ್ ಆಡಿಯೋ ಅಂತಲೋ ಇರ್ತದೆ.
ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಕೊಡ್ರಿ.
ಸಾಮಾನ್ಯವಾಗಿ ವಿಂಡೋಸ್ ತಾನೇ ಮತ್ತೆ ಹಾಕ್ಕೊಳ್ತದೆ.

ಆಗ್ಲಿಲ್ವಾ?
ಲ್ಯಾಪ್‌ಟಾಪ್ ಕಂಪನಿ ವೆಬ್‌ಸೈಟಲ್ಲಿ ಮಾಡೆಲ್ ನಂಬರ್ ಹಾಕಿ,
ಆಡಿಯೋ ಡ್ರೈವರ್ ಅಲ್ಲಿಂದಲೇ ಇಳಿಸ್ಕೊಳ್ರಿ.
‘ಎಲ್ಲಾ ಡ್ರೈವರ್ ಫ್ರೀ’ ಅನ್ನೋ ಆ್ಯಪ್ ಮುಟ್ಲೇಬೇಡ್ರಿ.

ಆ ಫೈಲ್ ಪೆನ್‌ಡ್ರೈವ್‌ಗೂ ಹಾಕಿಡ್ರಿ.
ಹಳೇ ಮಾಡೆಲ್ ಪೇಜನ್ನ ಕಂಪನಿಯವ್ರು ಯಾವಾಗ ತೆಗೀತಾರೋ!