ಬಿಸಿನೀರಿನ ಬುಗ್ಗೆಗಳ ನಾಡಿನಲ್ಲಿ ಒಂದು ದಿನ

ಗೀಸರ್ ಎಂದೊಡನೆ ನಿಮಗೆ ನೆನಪಾಗುವುದು ಸ್ನಾನದ ಮನೆ. ಆದರೆ ಆ ಹೆಸರು ಮೊದಲು ಸೇರಿದ್ದು ನೆಲದಿಂದ ಚಿಮ್ಮುವ ಬಿಸಿನೀರಿನ ಬುಗ್ಗೆಗೆ. ಜಗತ್ತಿನ ಇಂತಹ ಬುಗ್ಗೆಗಳಲ್ಲಿ ಸುಮಾರು ಅರ್ಧದಷ್ಟು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲೇ ಇವೆ. 1872ರಲ್ಲಿ ಸ್ಥಾಪನೆಯಾದ ಇದರ ವಿಸ್ತೀರ್ಣ ಸುಮಾರು 9 ಸಾವಿರ ಚದರ ಕಿಲೋಮೀಟರ್. ಬನ್ನಿ, ಅಲ್ಲಿ ಒಂದು ದಿನ ಕಳೆಯೋಣ.

ಬೆಳಿಗ್ಗೆ ‘ಓಲ್ಡ್ ಫೇತ್‌ಫುಲ್’ ಎಂಬ ಬುಗ್ಗೆಯ ಬಳಿ ಕುಳಿತುಕೊಳ್ಳಿ. ಹೆಚ್ಚುಕಡಿಮೆ ಒಂದೂವರೆ ಗಂಟೆಗೊಮ್ಮೆ ಅದು ಚಿಮ್ಮುತ್ತದೆ. ಮೊದಲು ತುಸು ಹಬೆ, ಬಳಿಕ ನಾಲ್ಕಾರು ಸಣ್ಣ ಚಿಮ್ಮುಗಳು. ಆಮೇಲೆ ನೋಡನೋಡುತ್ತಿದ್ದಂತೆ ನೂರು ಅಡಿಗೂ ಮೀರಿ ಏರುವ ಕುದಿನೀರು! ಐದು ನಿಮಿಷದೊಳಗೆ ಎಲ್ಲವೂ ಶಾಂತ.

ಇದರ ಗುಟ್ಟು ನಿಮ್ಮ ಅಡುಗೆಮನೆಯ ಕುಕ್ಕರಿನಲ್ಲಿದೆ. ಮಳೆ, ಹಿಮದ ನೀರು ಆಳಕ್ಕಿಳಿದು ಕಾದ ಬಂಡೆಗಳ ನಡುವೆ ಬಿಸಿಯಾಗುತ್ತದೆ. ಮೇಲಿನ ನೀರಿನ ಭಾರ ಮತ್ತು ಇಕ್ಕಟ್ಟಾದ ದಾರಿಯಿಂದಾಗಿ ನೂರು ಡಿಗ್ರಿ ದಾಟಿದರೂ ಕುದಿಯದು. ಮೇಲಿನ ಒಂದಿಷ್ಟು ನೀರು ಹೊರಚೆಲ್ಲಿ ಒತ್ತಡ ತಗ್ಗಿದೊಡನೆ ಕೆಳಗಿನದು ಹಬೆಯಾಗಿ ಉಕ್ಕುತ್ತದೆ. ಒತ್ತಡ ಇಳಿಯುವ ಮುನ್ನ ಕುಕ್ಕರ್ ತೆರೆದರೆ ಏನಾಗುವುದೆಂದು ನಿಮಗೆ ಹೇಳಬೇಕಾಗಿಲ್ಲ.

ಮಧ್ಯಾಹ್ನ ‘ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್’ ಕೊಳ. ನಡುವೆ ಗಾಢ ನೀಲಿ, ಅಂಚಿನಲ್ಲಿ ಹಳದಿ, ಕಿತ್ತಳೆ. ಅಂಚಿನ ಈ ಬಣ್ಣಗಳು ಬಿಸಿಯಲ್ಲೇ ಬದುಕುವ ಸೂಕ್ಷ್ಮಜೀವಿಗಳವು. ಇದೇ ಉದ್ಯಾನದ ಇನ್ನೊಂದು ಬುಗ್ಗೆಯಲ್ಲಿ 1966ರಲ್ಲಿ ದೊರೆತ ಬ್ಯಾಕ್ಟೀರಿಯಾದ ಕಿಣ್ವವೇ ಪಿಸಿಆರ್ ಪರೀಕ್ಷೆಯನ್ನು ಸುಲಭವಾಗಿಸಿತು. ಕೊರೋನಾ ಕಾಲದಲ್ಲಿ ನಮ್ಮ ಮೂಗಿನ ಮಾದರಿ ತೆಗೆದು ಮಾಡಿದ್ದೂ ಅದೇ ಬಗೆಯ ಪರೀಕ್ಷೆ.

ಇಲ್ಲಿ ಮರದ ಹಲಗೆಯ ದಾರಿಯಿಂದ ಕೆಳಗಿಳಿಯಬಾರದು. ಗಟ್ಟಿಯಾಗಿ ಕಾಣುವ ನೆಲ ತೆಳುವಾದ ಪದರವಾಗಿರಬಹುದು, ಅಡಿಯಲ್ಲಿ ಸುಡುನೀರು. ಇದುವರೆಗೆ 20ಕ್ಕೂ ಹೆಚ್ಚು ಮಂದಿ ಈ ಬುಗ್ಗೆಗಳಲ್ಲಿ ಬೆಂದು ಸತ್ತಿದ್ದಾರೆ. ಮಕ್ಕಳ ಕೈ ಬಿಡಬೇಡಿ.

ಸಂಜೆ ಹೇಡನ್ ಕಣಿವೆಗೆ ಬಂದರೆ ಬೈಸನ್ ಹಿಂಡುಗಳು. ಇವು ನಮ್ಮ ಬಂಡೀಪುರದ ಕಾಟಿಯಲ್ಲ. ಹೆಗಲ ಮೇಲೆ ದೊಡ್ಡ ಗೂನು, ಮುಖದ ತುಂಬ ಕೂದಲು. ಬೇಟೆಯಿಂದಾಗಿ 1902ರ ಹೊತ್ತಿಗೆ ಇಲ್ಲಿ ಉಳಿದದ್ದು ಸುಮಾರು ಎರಡು ಡಜನ್. ರಕ್ಷಣೆ ದೊರೆತ ಮೇಲೆ ಸಾವಿರಾರು ಆದವು. ಸಾಧುವಾಗಿ ಮೇಯುತ್ತಿದ್ದರೂ ಮನುಷ್ಯನ ಮೂರು ಪಟ್ಟು ವೇಗದಲ್ಲಿ ಓಡಬಲ್ಲವು. ಅವುಗಳಿಂದ 75 ಅಡಿ, ಕರಡಿ ಮತ್ತು ತೋಳಗಳಿಂದ 300 ಅಡಿ ದೂರ ನಿಲ್ಲಬೇಕೆಂಬುದು ನಿಯಮ.

ಈ ನಿಯಮ ನಮಗಾಗಿ ಮಾತ್ರವೇ? 2016ರಲ್ಲಿ ಪ್ರವಾಸಿಗರು ಒಂದು ಎಳೆಗರುವನ್ನು ಕಂಡು, ಅದು ಚಳಿಗೆ ನಡುಗುತ್ತಿದೆಯೆಂದು ಮರುಗಿ ತಮ್ಮ ಕಾರಿನಲ್ಲಿ ಹಾಕಿಕೊಂಡರು. ಸಿಬ್ಬಂದಿ ಅದನ್ನು ಹಿಂಡಿಗೆ ಸೇರಿಸಲು ಮತ್ತೆ ಮತ್ತೆ ಯತ್ನಿಸಿದರು, ಹಿಂಡು ಒಪ್ಪಲಿಲ್ಲ. ಕರು ರಸ್ತೆಯಲ್ಲಿ ಜನರ, ಕಾರುಗಳ ಬೆನ್ನು ಹತ್ತತೊಡಗಿತು. ಕೊನೆಗೆ ಅದನ್ನು ಕೊಲ್ಲಬೇಕಾಯಿತು.

ಅವರ ಮನಸ್ಸಿನಲ್ಲಿ ಕ್ರೌರ್ಯವಿರಲಿಲ್ಲ, ಕರುಣೆಯಿತ್ತು. ತಿಳಿವಳಿಕೆ ಇರಲಿಲ್ಲ, ಅಷ್ಟೇ. ಕಾಡಿನ ಮರಿಯನ್ನು ಕಂಡಾಗ ಮುದ್ದಿಸಲು ನಿಮ್ಮ ಮಕ್ಕಳ ಕೈ ಚಾಚಿದರೆ, ಗದರಿಸಬೇಡಿ. ಈ ಕರುವಿನ ಕಥೆ ಹೇಳಿ.